ಬೆರಸಾತೆಗಿ ಕೈಯೂಟಕ್ಕೆ ಯಾವ ಬಾಗಿಲು ತಟ್ಟೋದು?

ನಮ್ಮ ಚಿಕ್ಕಮ್ಮನ ಮಗಳು ಮತ್ತು ಅವಳ ಗಂಡ ಸ್ಪೇನ್‌ಗೆ ಹೊರಟಿದ್ದಾರೆ. ವೀಸಾ ಬಂದ ಮರುದಿನವೇ ಅವಳ ಫೋನ್. "ಅಕ್ಕಾ, ಹನ್ನೆರಡು ಸ್ಟಾರ್ ಇರೋ ಶೆಫ್ ಒಬ್ರಿದ್ದಾರಲ್ಲ, ಅವರ ಹತ್ರ ಒಂದು ಊಟ ಮಾಡ್ಲೇಬೇಕು. ಆದ್ರೆ ಹುಡುಕಿದ್ರೆ ಊರಿಗೊಂದು ರೆಸ್ಟೋರೆಂಟ್ ಬರ್ತಿದೆ. ಯಾವುದು ಬುಕ್ ಮಾಡ್ಲಿ?" ಹಿಂದಿನಿಂದ ಗಂಡನ ದನಿ: "ನಾನು ಮೀನು ತಿನ್ನಲ್ಲ ಅಂತ ಹೇಳು."

ಅವಳು ಕೇಳಿದ್ದು ಮಾರ್ತಿನ್ ಬೆರಸಾತೆಗಿ ಅವರ ಬಗ್ಗೆ. ಸ್ಪೇನ್‌ನ ಉತ್ತರಕ್ಕೆ, ಫ್ರಾನ್ಸ್ ಗಡಿಗೆ ಅಂಟಿಕೊಂಡಿರುವ ಬಾಸ್ಕ್ ನಾಡಿನವರು. ಬೆಂಗಳೂರಿನ ಕೆಫೆಗಳ ಮೆನುವಿನಲ್ಲಿ ಈಗ ಬಾಸ್ಕ್ ಚೀಸ್‌ಕೇಕ್ ಅನ್ನೋ ಹೆಸರು ಕಾಣದ ಜಾಗವೇ ಕಡಿಮೆ, ಅಲ್ವಾ? ಆ ಕೇಕ್ ಹುಟ್ಟಿದ ಊರು ಸಾನ್ ಸೆಬಾಸ್ಟಿಯನ್. ಬೆರಸಾತೆಗಿ ಹುಟ್ಟಿದ್ದೂ ಅಲ್ಲೇ, 1960ರಲ್ಲಿ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೀನು, ಮಾಂಸ ಎರಡೂ ತಿನ್ನುತ್ತೀರಿ, ಜೇಬು ತಡೆಯುತ್ತದೆ, ಬಾಸ್ಕ್ ನಾಡಿಗೆ ಹೋಗುವ ಯೋಚನೆ ಇದೆ ಅಂದರೆ ಸಾನ್ ಸೆಬಾಸ್ಟಿಯನ್ ಪಕ್ಕದ ಲಸಾರ್ತೆ-ಓರಿಯಾ ಅನ್ನೋ ಊರಲ್ಲಿರುವ ಮೂಲ ಮನೆಗೇ, ಅಂದರೆ ಅವರದೇ ಹೆಸರಿನ ರೆಸ್ಟೋರೆಂಟಿಗೇ ಹೋಗಿ, ಅದೂ ಮಧ್ಯಾಹ್ನದ ಊಟಕ್ಕೆ. ಬಾರ್ಸಿಲೋನಾ ಬಿಟ್ಟು ಕದಲುವ ಹಾಗಿಲ್ಲದಿದ್ದರೆ ಅಲ್ಲಿರುವ ಲಸಾರ್ತೆ ಅನ್ನೋ ಅವರ ಶಾಖೆ. ದುಡ್ಡು ಕಡಿಮೆ ಇದ್ದರೆ ಸಾನ್ ಸೆಬಾಸ್ಟಿಯನ್‌ನಲ್ಲೇ ಎರಡು ಸುಲಭದ ಜಾಗ ಇವೆ. ಶುದ್ಧ ಸಸ್ಯಾಹಾರಿಗಳಾದರೆ ಈ ದುಡ್ಡನ್ನು ಬೇರೆ ಯಾವುದಕ್ಕಾದರೂ ಇಟ್ಟುಕೊಳ್ಳಿ. ಇನ್ನು ಕಾರಣಗಳಿಗೆ ಬರೋಣ.

ಹನ್ನೆರಡು ಸ್ಟಾರ್ ಅಂದರೆ ಏನು ಲೆಕ್ಕ

ಈ ಸ್ಟಾರ್ ಬರೋದು ಮಿಶೆಲಿನ್ ಗೈಡ್‌ನಿಂದ, ಊಟದ ಮನೆಗಳಿಗೆ ದರ್ಜೆ ಕೊಡುವ ಫ್ರೆಂಚ್ ಕೈಪಿಡಿ ಅದು. ಕೊಡೋದು ರೆಸ್ಟೋರೆಂಟಿಗೆ, ಮನುಷ್ಯನಿಗಲ್ಲ. ಒಂದು ಮನೆಗೆ ಜಾಸ್ತಿ ಅಂದರೆ 3. ಹಾಗಾದರೆ 12 ಎಲ್ಲಿಂದ ಬಂತು? 2021ರ ಕೊನೆಯಲ್ಲಿ ಗೈಡ್ ಬಂದಾಗಿನ ಕೂಡಿಕೆ ಇದು: ಲಸಾರ್ತೆ-ಓರಿಯಾದ ಮೂಲ ಮನೆಗೆ 3, ಬಾರ್ಸಿಲೋನಾದ ಲಸಾರ್ತೆಗೆ 3, ಟೆನೆರಿಫೆ ದ್ವೀಪದ ಎಂ.ಬಿ.ಗೆ 2. ಬಾರ್ಸಿಲೋನಾದ ಓರಿಯಾ, ಬಿಲ್ಬಾವೋದ ಓಲಾ, ಇಬಿಜಾ ದ್ವೀಪದ ಎಚೆಕೊ, ಲಿಸ್ಬನ್‌ನ ಫಿಫ್ಟಿ ಸೆಕೆಂಡ್ಸ್, ಇವಕ್ಕೆ ಒಂದೊಂದು. ಒಟ್ಟು 12. ಸ್ಪೇನ್‌ನ ಬೇರೆ ಯಾವ ಅಡುಗೆಯವರ ಹೆಸರಿನಲ್ಲೂ ಅಷ್ಟು ಇರಲಿಲ್ಲ.

ಈ ಲೆಕ್ಕ ಯಾಕೆ ಬಿಡಿಸಿ ಹೇಳಿದೆ ಅಂದರೆ, ಹನ್ನೆರಡು ಸ್ಟಾರ್‌ನ ಊಟ ಅಂತ ಒಂದು ಊಟ ಎಲ್ಲೂ ಇಲ್ಲ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಏಳು ಅಡುಗೆಮನೆಯಲ್ಲಿ ನಿಲ್ಲಲಾರ. ಹೆಚ್ಚಿನ ಕಡೆ ಅವರು ಗುರು, ಒಲೆ ಮುಂದೆ ನಿಂತಿರೋದು ಶಿಷ್ಯ. ಲಿಸ್ಬನ್‌ನದನ್ನೇ ನೋಡಿ. ವಾಸ್ಕೋ ಡ ಗಾಮಾ ಗೋಪುರದ ತುದಿ, ಲಿಫ್ಟಿನಲ್ಲಿ ಮೇಲೆ ಹೋಗಲು 50 ಸೆಕೆಂಡ್, ಅದೇ ಹೆಸರು. ಬೆರಸಾತೆಗಿ ಹೆಸರಲ್ಲಿ ಸ್ಟಾರ್ ಬಂತು, ಆಮೇಲೆ ಅಲ್ಲಿನ ಅಡುಗೆ ಬೇರೆಯವರ ಕೈಗೆ ಹೋಯಿತು. ಹಳೆಯ ಪಟ್ಟಿ ನಂಬಿಕೊಂಡು ಹೋದವರು ಇಳಿದು ಬರುವಾಗ ಇನ್ನೊಂದು 50 ಸೆಕೆಂಡ್ ಪೇಚಾಡಬೇಕಷ್ಟೇ.

ಹಾಗಾಗಿ ಆಯ್ಕೆ ಮಾಡುವಾಗ ಸ್ಟಾರ್ ಎಣಿಸಬೇಡಿ. ಅವರ ಬದುಕಿನ ಯಾವ ಭಾಗದ ರುಚಿ ನಿಮಗೆ ಬೇಕು ಅಂತ ಯೋಚಿಸಿ. ನಾನು ತಂಗಿಗೂ ಇದನ್ನೇ ಹೇಳಿದ್ದು.

ನೆಲಮಾಳಿಗೆಯಿಂದ ಗುಡ್ಡದ ಬುಡಕ್ಕೆ

ಸಾನ್ ಸೆಬಾಸ್ಟಿಯನ್‌ನ ಹಳೆಪೇಟೆಯಲ್ಲಿ ಬೊದೆಗೋನ್ ಅಲೆಹಾಂದ್ರೊ ಅನ್ನೋ ಊಟದ ಮನೆ ಇದೆ. ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕು. ಅದನ್ನು ನಡೆಸುತ್ತಿದ್ದದ್ದು ಬೆರಸಾತೆಗಿ ಅವರ ಅಪ್ಪ ಅಮ್ಮ, ಜೊತೆಗೆ ಅಮ್ಮನ ತಂಗಿ. ದೊಡ್ಡ ಪಾತ್ರೆಯ ಅಡುಗೆ, ಊರ ಜನ, ಕೈಗೆಟುಕುವ ಬೆಲೆ. ನಮ್ಮ ಕಡೆಯ ಹಳೆಯ ಖಾನಾವಳಿಯ ಹಾಗೆ ಅಂದುಕೊಳ್ಳಿ. ಹುಡುಗ ಹದಿನೈದಕ್ಕೇ ಅಡುಗೆಮನೆ ಸೇರಿದ. ಇಪ್ಪತ್ತು ದಾಟುವ ಹೊತ್ತಿಗೆ ಹೊಣೆಯೆಲ್ಲ ಅವನ ಹೆಗಲ ಮೇಲೆ.

ನನಗೆ ಇಷ್ಟವಾಗುವ ಭಾಗ ಮುಂದಿನದು. ಫ್ರಾನ್ಸ್ ಗಡಿ ಅಲ್ಲಿಂದ ಸುಮಾರು 20 ಕಿ.ಮೀ. ರಜೆ ಸಿಕ್ಕ ದಿನ ಮಲಗಿ ಕಾಲ ಕಳೆಯುವ ಬದಲು ಗಡಿ ದಾಟಿ, ಬಯೋನ್ ಕಡೆಯ ಸಿಹಿತಿಂಡಿ ಮಾಡುವವರ ಹತ್ತಿರ ಕೆಲಸ ಕಲಿಯಲು ಹೋಗುತ್ತಿದ್ದರು. ಆಮೇಲೆ ಮಿಶೆಲ್ ಗೆರಾರ್, ಅಲೆನ್ ದುಕಾಸ್ ಥರದ ಫ್ರೆಂಚ್ ಘಟಾನುಘಟಿಗಳ ಅಡುಗೆಮನೆಗಳಲ್ಲೂ ಕಲಿತರು. ಸಿಹಿ ಮಾಡುವವರ ಕೆಲಸದಲ್ಲಿ ಕಣ್ಣಳತೆ ನಡೆಯಲ್ಲ. ಗ್ರಾಂ ಅಂದರೆ ಗ್ರಾಂ. ಇವತ್ತು ಅವರ ತಟ್ಟೆಯಲ್ಲಿ ಕಾಣುವ ಆ ಕೂದಲೆಳೆ ಲೆಕ್ಕಾಚಾರದ ಬೇರು ಅಲ್ಲಿದೆ ಅಂತ ನನ್ನ ಅನಿಸಿಕೆ.

1986ರಲ್ಲಿ ಆ ನೆಲಮಾಳಿಗೆಗೆ ಮಿಶೆಲಿನ್ ಸ್ಟಾರ್ ಬಂತು. 1993ರ ಮೇ 1ಕ್ಕೆ ಹೆಂಡತಿ ಒನೇಕಾ ಅರ್ರೇಗಿ ಜೊತೆ ಸೇರಿ ಊರ ಹೊರಗೆ, ಎಂಟು ಕಿ.ಮೀ. ದೂರದ ಲಸಾರ್ತೆ-ಓರಿಯಾದಲ್ಲಿ ತಮ್ಮದೇ ಹೆಸರಿನ ರೆಸ್ಟೋರೆಂಟ್ ತೆರೆದರು. 2001ರಲ್ಲಿ ಅದಕ್ಕೆ ಮೂರನೇ ಸ್ಟಾರ್. ಆಮೇಲೆ ಬಂದವೇ ಬಾರ್ಸಿಲೋನಾ, ದ್ವೀಪಗಳು, ಉಳಿದ ಊರುಗಳು.

ಅವರ ಬಾಯಲ್ಲಿ ಸದಾ ಒಂದು ಮಾತು: ಗರ್ರೋತೆ. ಅಕ್ಷರಶಃ ದೊಣ್ಣೆ ಅಂತ ಅರ್ಥ. ಅವರು ಹೇಳೋದು ಹುಮ್ಮಸ್ಸು, ಛಲ ಅನ್ನೋ ಅರ್ಥದಲ್ಲಿ. ಮುಷ್ಟಿ ಎತ್ತಿ "ಗರ್ರೋತೆ!" ಅನ್ನುತ್ತಾ ಫೋಟೋಗೆ ನಿಲ್ಲುತ್ತಾರೆ. ಮೂರು ಸ್ಟಾರ್‌ನ ಬಿಗುಮಾನ ಆ ಮುಖದಲ್ಲಿ ಕಾಣಿಸಲ್ಲ.

ಮೂಲ ಮನೆ: ಲಸಾರ್ತೆ-ಓರಿಯಾ

ಒಂದೇ ಒಂದು ಸಲ ಹೋಗುವವರಿಗೆ ನನ್ನ ಓಟು ಇದಕ್ಕೇ.

ಸಾನ್ ಸೆಬಾಸ್ಟಿಯನ್‌ನಿಂದ ಟ್ಯಾಕ್ಸಿಯಲ್ಲಿ ಕಾಲು ಗಂಟೆ. ಊರು ದೊಡ್ಡದೇನಲ್ಲ. ಪಕ್ಕದಲ್ಲಿ ಕುದುರೆ ರೇಸಿನ ಮೈದಾನ, ಸುತ್ತ ಹಸಿರು ಗುಡ್ಡ. ಬಾಸ್ಕ್ ಗುಡ್ಡಗಳನ್ನು ನೋಡಿದ ಮಲೆನಾಡಿನವರಿಗೆ ಮೊದಲು ಹೊಳೆಯೋದು ಮನೆಯ ನೆನಪೇ. ಮಳೆಯೂ ಹಾಗೇ, ಹೇಳದೆ ಕೇಳದೆ ಬರುತ್ತದೆ. ಊಟದ ಕೋಣೆಯ ಗಾಜಿನಿಂದಾಚೆ ಆ ಹಸಿರು ಕಾಣುತ್ತದೆ. ಮಧ್ಯಾಹ್ನ ಹೋಗಿ ಅಂದದ್ದು ಇದಕ್ಕೇ. ರಾತ್ರಿ ಹೋದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಬೆಲೆ ಮಾತ್ರ ಅಷ್ಟೇ.

ಇಲ್ಲಿನ ಮೆನುವಿನಲ್ಲಿ ಒಂದು ಚೆಂದದ ಪದ್ಧತಿ ಇದೆ. ಪ್ರತಿ ತಿನಿಸಿನ ಪಕ್ಕ ಅದು ಹುಟ್ಟಿದ ವರ್ಷ ಅಚ್ಚು ಹಾಕಿರುತ್ತಾರೆ. ಒಂದರ ಮುಂದೆ 1995, ಇನ್ನೊಂದರ ಮುಂದೆ 2001, ಮತ್ತೊಂದು ಈ ವರ್ಷದ್ದು. ಮೂವತ್ತು ವರ್ಷದ ಕೆಲಸ ಒಂದು ಹಾಳೆಯಲ್ಲಿ. ಶಾಖೆಗಳಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಈ ಪೂರ್ತಿ ಚರಿತ್ರೆ ಸಿಗೋದು ಇಲ್ಲೇ.

ಆ 1995ರ ತಿನಿಸನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ಪದರಪದರದ ಒಂದು ಸಣ್ಣ ತುಂಡು. ಹೊಗೆಯಾಡಿಸಿದ ಹಾವುಮೀನು, ಬಾತುಕೋಳಿಯ ಕೊಬ್ಬಿದ ಪಿತ್ತಜನಕಾಂಗ ಅಂದರೆ ಫುವಾಗ್ರಾ, ಈರುಳ್ಳಿ ಗಿಡದ ಎಳೆ ಗಡ್ಡೆ, ಹಸಿರು ಸೇಬಿನ ತೆಳು ಹೋಳು. ಮೇಲೆ ಸಕ್ಕರೆ ಉದುರಿಸಿ ಬೆಂಕಿ ತೋರಿಸಿ ಕಂದು ಗಾಜಿನ ಹಾಗೆ ಮಾಡಿರುತ್ತಾರೆ. ಫೋರ್ಕ್ ಇಟ್ಟರೆ ಚಿಟ್ ಅಂತ ಒಡೆಯುತ್ತದೆ. ಮೊದಲು ಸುಟ್ಟ ಸಕ್ಕರೆಯ ಸಿಹಿ ಕಹಿ, ಹಿಂದೆಯೇ ಬೆಣ್ಣೆಯಂಥ ಜಿಡ್ಡು, ಅದರೊಳಗೆ ಹೊಗೆ, ಕೊನೆಗೆ ಸೇಬಿನ ಹುಳಿ ಬಂದು ನಾಲಿಗೆ ತೊಳೆದುಬಿಡುತ್ತದೆ. ಗೊಜ್ಜಿಗೆ ಬೆಲ್ಲ ಹುಣಸೆ ಹದ ಹಾಕುವವರಿಗೆ ಇದರ ತರ್ಕ ತಕ್ಷಣ ಹೊಳೆಯುತ್ತದೆ. ಒಂದು ರುಚಿ ತಲೆ ಎತ್ತುವಷ್ಟರಲ್ಲಿ ಇನ್ನೊಂದು ಅದನ್ನು ಹಿಡಿದು ಕೂರಿಸುತ್ತದೆ. ಸಿಹಿಯಂಗಡಿಯಲ್ಲಿ ಕಲಿತ ಕೈ ಮೀನಿನ ಮೇಲೆ ಓಡಾಡಿದೆ ಅನ್ನೋದು ಈ ಒಂದು ತುಂಡಿನಲ್ಲಿ ಗೊತ್ತಾಗುತ್ತದೆ.

ಫುವಾಗ್ರಾ ಬಗ್ಗೆ ಒಂದು ಮಾತು. ಹಕ್ಕಿಗೆ ಬಲವಂತವಾಗಿ ತಿನ್ನಿಸಿ ಮಾಡುವ ಪದಾರ್ಥ ಅದು. ಭಾರತ 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಮಾಂಸ ತಿನ್ನುವವರಿಗೂ ಇದು ಬೇಡ ಅನ್ನಿಸಬಹುದು. ಬೇಡ ಅಂದರೆ ಬುಕ್ ಮಾಡುವಾಗಲೇ ಹೇಳಿ.

ಇನ್ನೊಂದು, 2001ರದ್ದು. ತರಕಾರಿಗಳ ಎಳೆಯ ತಿರುಳು, ಸಮುದ್ರದ ಚಿಪ್ಪುಮೀನು ಸಿಗಡಿಗಳ ಜೊತೆ, ಬೆಚ್ಚಗಿನ ಸಲಾಡ್. ಕೆಳಗೆ ಲೆಟ್ಯೂಸ್ ಸೊಪ್ಪಿನ ಕ್ರೀಮ್. ನೋಡಲು ಹೂವಿನ ಕುಂಡದ ಹಾಗೆ. ನನ್ನ ಮಟ್ಟಿಗೆ ಹಾವುಮೀನಿಗಿಂತ ಇದೇ ಒಂದು ಕೈ ಮೇಲು. ಒಂದೊಂದು ತರಕಾರಿಯನ್ನೂ ಬೇರೆ ಬೇರೆ ಬೇಯಿಸಿ, ಒಂದರ ಹದ ಇನ್ನೊಂದಕ್ಕೆ ತಾಗದ ಹಾಗೆ ಜೋಡಿಸೋದು ತಮಾಷೆಯಲ್ಲ.

ಬೆಲೆ? ಪೂರ್ತಿ ಮೆನು ಒಬ್ಬರಿಗೆ 300 ಯೂರೋ ಮೇಲೆ. ವೈನ್ ಸೇರಿಲ್ಲ. ವರ್ಷ ವರ್ಷ ಏರುತ್ತಲೇ ಇದೆ. ನಮ್ಮ ಲೆಕ್ಕದಲ್ಲಿ ಒಂದು ಊಟಕ್ಕೆ 30 ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. ನಾನು ಬಿಲ್ ನೋಡಿದಾಗ ಐದು ನಿಮಿಷ ಮಾತಾಡಲಿಲ್ಲ, ಸುಳ್ಳೇಕೆ ಹೇಳಲಿ. ಮೂರರಿಂದ ನಾಲ್ಕು ಗಂಟೆ ಕೂರಬೇಕು. ಸಂಜೆಗೆ ಬೇರೆ ಏನೂ ಇಟ್ಟುಕೊಳ್ಳಬೇಡಿ, ರಾತ್ರಿ ಊಟ ಅಂತೂ ಬೇಡವೇ ಬೇಡ.

ಅವರನ್ನೇ ಕಾಣುವ ಸಾಧ್ಯತೆ ಜಾಸ್ತಿ ಇರೋದೂ ಇಲ್ಲೇ. ವಾರದ ಮೊದಲ ಎರಡು ದಿನ ಸಾಮಾನ್ಯವಾಗಿ ರಜೆ. ಚಳಿಗಾಲದಲ್ಲಿ ವಾರಗಟ್ಟಲೆ ಬಾಗಿಲು ಹಾಕಿರುತ್ತಾರೆ. ಕ್ರಿಸ್‌ಮಸ್ ರಜೆಗೆ ಟಿಕೆಟ್ ಮಾಡಿಸಿ ಆಮೇಲೆ ಟೇಬಲ್ ಹುಡುಕುವ ತಪ್ಪು ನಮ್ಮವರು ತುಂಬ ಮಾಡುತ್ತಾರೆ. ಮೊದಲು ಟೇಬಲ್, ಆಮೇಲೆ ವಿಮಾನ.

ಬಾರ್ಸಿಲೋನಾದ ಲಸಾರ್ತೆ

ಹೆಸರು ಮೂಲ ಊರಿನದು, ಜಾಗ ಬಾರ್ಸಿಲೋನಾದ ನಡುಮಧ್ಯ. ಪಸೇಜ್ ದೆ ಗ್ರಾಸಿಯಾ ರಸ್ತೆಯ ಪಕ್ಕ, ಮಾನ್ಯುಮೆಂಟ್ ಹೋಟೆಲಿನಲ್ಲಿದೆ. ವಾಸ್ತುಶಿಲ್ಪಿ ಗೌಡಿ ಕಟ್ಟಿದ ಮನೆಗಳನ್ನು ನೋಡಿಕೊಂಡು ನಡೆದೇ ಬರಬಹುದು. 2006ರಲ್ಲಿ ಶುರುವಾಯಿತು. 2016ರ ಕೊನೆಯಲ್ಲಿ ಮೂರನೇ ಸ್ಟಾರ್ ಬಂದಾಗ ಬಾರ್ಸಿಲೋನಾ ನಗರದ ಮೊದಲ ಮೂರು ಸ್ಟಾರ್ ಮನೆ ಅನ್ನಿಸಿಕೊಂಡಿತು. ಅಷ್ಟು ಹೆಸರಿನ ಶೆಫ್‌ಗಳಿದ್ದ ಊರಿಗೆ ಅದನ್ನು ತಂದವರು ಒಬ್ಬ ಬಾಸ್ಕ್ ಅಡುಗೆಯವರು, ಅವರ ಜೊತೆ ಒಬ್ಬ ಇಟಾಲಿಯನ್!

ಆ ಇಟಾಲಿಯನ್ ಪಾವ್ಲೊ ಕಸಾಗ್ರಾಂದೆ. ಬೆರಸಾತೆಗಿ ಗರಡಿಯಲ್ಲೇ ಪಳಗಿದವರು. ಇಲ್ಲಿ ತಿನ್ನುವುದು ಗುರುವಿನ ವ್ಯಾಕರಣದಲ್ಲಿ ಶಿಷ್ಯ ಬರೆದ ವಾಕ್ಯ. ಅಕ್ಕಿ, ಪಾಸ್ತಾ ಕಡೆ ಒಂದು ಒಲವು ಇರುತ್ತದೆ. ಅದು ಕೊರತೆ ಅಂತ ನಾನು ಹೇಳಲ್ಲ. ಎರಡೂ ಕಡೆ ಊಟ ಮಾಡಿದವರಲ್ಲಿ ಬಾರ್ಸಿಲೋನಾನೇ ಮೇಲು ಅನ್ನುವವರೂ ಇದ್ದಾರೆ.

ಹಾಗಿದ್ದರೆ ನಾನು ಯಾಕೆ ಎರಡನೇ ಜಾಗ ಕೊಟ್ಟೆ? ಗುಡ್ಡ ಇಲ್ಲ. ಕೋಣೆ ಭರ್ಜರಿಯಾಗಿದೆ, ಆದರೆ ಆ ಥರದ ಕೋಣೆ ದುಬೈನಲ್ಲೂ ಇದೆ, ಸಿಂಗಾಪುರದಲ್ಲೂ ಇದೆ. ಬೆಲೆಯೂ ಹೆಚ್ಚು ಕಡಿಮೆ ಮೂಲ ಮನೆಯಷ್ಟೇ. ಅಷ್ಟೇ ದುಡ್ಡು ಕೊಡುವುದಾದರೆ ಮೂಲವನ್ನೇ ನೋಡಬಹುದಲ್ಲ ಅನ್ನೋದು ನನ್ನ ವಾದ. ಆದರೆ ಬಾರ್ಸಿಲೋನಾದಿಂದ ಸಾನ್ ಸೆಬಾಸ್ಟಿಯನ್‌ಗೆ ರೈಲಿನಲ್ಲಿ ಐದಾರು ಗಂಟೆ ಬೇಕು. ಇಡೀ ಒಂದು ದಿನ ಹೋಗುತ್ತದೆ. ಐದು ದಿನದ ಪ್ರವಾಸದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ನನ್ನ ವಾದ ನಡೆಯಲ್ಲ. ಅವರು ಇಲ್ಲೇ ತಿನ್ನಲಿ, ಮೋಸವೇನಿಲ್ಲ.

ಅದೇ ಹೋಟೆಲಿನ ಓರಿಯಾ ಇನ್ನೂ ಸಡಿಲ, ಇನ್ನೂ ಅಗ್ಗ. ಇಂಥ ಊಟ ಒಗ್ಗುತ್ತದೋ ಇಲ್ಲವೋ ಅಂತ ಅನುಮಾನ ಇದ್ದವರು ಮೊದಲು ಓರಿಯಾದಲ್ಲಿ ಪರೀಕ್ಷೆ ಮಾಡಬಹುದು. ಹೆಸರು ನೋಡಿ ಗೊಂದಲವಾಗಬೇಡಿ: ಲಸಾರ್ತೆ-ಓರಿಯಾ ಅನ್ನೋ ಊರ ಹೆಸರನ್ನೇ ಎರಡು ತುಂಡು ಮಾಡಿ ಎರಡು ರೆಸ್ಟೋರೆಂಟಿಗೆ ಇಟ್ಟಿದ್ದಾರೆ. ಊರಿಗೆ ಹೋಗಬೇಕಿದ್ದವರು ಬಾರ್ಸಿಲೋನಾದಲ್ಲಿ ಟೇಬಲ್ ಹಿಡಿದರೆ ಆಶ್ಚರ್ಯವಿಲ್ಲ. ಬುಕ್ ಮಾಡುವಾಗ ವಿಳಾಸ ಎರಡು ಸಲ ಓದಿ.

ಉಳಿದ ಶಾಖೆಗಳು

ಇವನ್ನು ಬೇಗ ಮುಗಿಸುತ್ತೇನೆ. ಟೆನೆರಿಫೆ, ಇಬಿಜಾ ಎರಡೂ ಐಷಾರಾಮಿ ಹೋಟೆಲಿನೊಳಗಿನ ರೆಸ್ಟೋರೆಂಟುಗಳು. ಆ ದ್ವೀಪಕ್ಕೆ ಹೇಗೂ ಹೋಗುತ್ತಿದ್ದರೆ ಸರಿ. ಊಟಕ್ಕೋಸ್ಕರವೇ ಹೋಗಬೇಡಿ. ಟೆನೆರಿಫೆ ಅಂದರೆ ಮ್ಯಾಡ್ರಿಡ್‌ನಿಂದ ಮೂರು ಗಂಟೆಯಷ್ಟು ವಿಮಾನ, ಆಫ್ರಿಕಾದ ದಡಕ್ಕೆ ಹತ್ತಿರ. ಬಿಲ್ಬಾವೋದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ನೋಡಲು ನಿಲ್ಲುವವರಿಗೆ ಓಲಾ ಅನುಕೂಲ. ಆದರೆ ಬಿಲ್ಬಾವೋದಿಂದ ಸಾನ್ ಸೆಬಾಸ್ಟಿಯನ್ ಬರೀ 100 ಕಿ.ಮೀ. ಬಸ್ಸಿನಲ್ಲಿ ಒಂದೂಕಾಲು ಗಂಟೆ. ಅಷ್ಟು ಹತ್ತಿರ ಬಂದು ಮೂಲ ಮನೆ ಬಿಡೋದು ಯಾಕೆ?

ಶಾಖೆ ಯಾವುದೇ ಇರಲಿ, ಈ ತಿಂಗಳಿಗೂ ಅವರದೇ ಉಸ್ತುವಾರಿ ಇದೆಯಾ ಅಂತ ಆ ರೆಸ್ಟೋರೆಂಟಿನ ಸ್ವಂತ ಪುಟದಲ್ಲಿ ನೋಡಿ. ಹೋಟೆಲುಗಳ ಜೊತೆಗಿನ ಕರಾರು ಮುಗಿಯುತ್ತಿರುತ್ತದೆ, ಬೋರ್ಡ್ ಬದಲಾಗುತ್ತಿರುತ್ತದೆ. ಸ್ಥಿರ ಅನ್ನೋದು ಲಸಾರ್ತೆ-ಓರಿಯಾ ಒಂದೇ.

ದುಡ್ಡು ಕಡಿಮೆ, ಕುತೂಹಲ ಜಾಸ್ತಿ ಇದ್ದರೆ

ಸಾನ್ ಸೆಬಾಸ್ಟಿಯನ್‌ನ ಇಗಾರಾ ಕಡೆ ಎಮೆ ಬೆ ಗರ್ರೋತೆ ಅಂತ ಅವರದ್ದೇ ಇನ್ನೊಂದು ಜಾಗ. ಮೊದಲು ಸೇಬಿನ ಮದ್ಯ ಮಾರುವ ಸಿದ್ರೆರಿಯಾ ಆಗಿದ್ದ ಕಟ್ಟಡ. ಬಾಸ್ಕ್ ಜನರಿಗೆ ಸಿದ್ರೆರಿಯಾ ಅಂದರೆ ಗುಂಪು ಕಟ್ಟಿಕೊಂಡು ಹೋಗಿ ಗಲಾಟೆ ಮಾಡುತ್ತಾ ತಿನ್ನುವ ಜಾಗ. ಆ ನೆನಪನ್ನು ಉಳಿಸಿಕೊಂಡೇ ಇಲ್ಲಿ ನಾಲ್ಕು ಜನ ಸೇರಿ ಉಣ್ಣುವ ಹಾಗೆ ಮಾಡಿದ್ದಾರೆ. ತಟ್ಟೆಯಲ್ಲಿ ಹೂವು ಜೋಡಿಸುವ ಆಟ ಕಡಿಮೆ. ಮನೆಮಂದಿಯ ಜೊತೆ ಹೋಗುವವರಿಗೆ ಮೂಲ ಮನೆಗಿಂತ ಇದೇ ವಾಸಿ. ಹತ್ತು ವರ್ಷದ ಹುಡುಗನನ್ನು ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರಿಸೋದು ಯಾರಿಗೆ ಸಾಧ್ಯ, ಹೇಳಿ?

ಇನ್ನೊಂದು ಅವರು ಬೆಳೆದ ಬೊದೆಗೋನ್ ಅಲೆಹಾಂದ್ರೊ. ಈಗ ಅದು ಅವರ ಕೈಯಲ್ಲಿಲ್ಲ, ಬೇರೆಯವರು ನಡೆಸುತ್ತಾರೆ. ಆದರೂ ಮೆಟ್ಟಿಲು ಅದೇ, ಬೀದಿ ಅದೇ. ಬೆರಸಾತೆಗಿ ಊಟ ಅಂತ ಹೋಗಬೇಡಿ, ಬಾಸ್ಕ್ ಮನೆಯಡುಗೆ ತಿನ್ನಲು ಹೋಗಿ. ಮೂಲ ಮನೆಗೆ ಹೋಗುವ ಹಿಂದಿನ ದಿನ ಇಲ್ಲಿ ಉಂಡರೆ ಇನ್ನೂ ಒಳ್ಳೆಯದು. ಹಿಂದಿನ ದಿನ ತಿಂದ ಮೀನು ಸಾರಿನ ರುಚಿ ಮರುದಿನ ಲಸಾರ್ತೆಯ ತಟ್ಟೆಯಲ್ಲಿ ವೇಷ ಹಾಕಿಕೊಂಡು ಬಂದಾಗ ಗುರುತು ಹಿಡಿಯುವ ಖುಷಿಯೇ ಬೇರೆ.

ಪಕ್ಕದ ಮನೆಯವರು

ತಂಗಿಯ ಮುಂದಿನ ಪ್ರಶ್ನೆ: "ಅಲ್ಲೇ ಇನ್ನೂ ಇಬ್ರು ಮೂರು ಸ್ಟಾರ್‌ನವರು ಇದ್ದಾರಂತಲ್ಲ?" ಇದ್ದಾರೆ. ಸಾನ್ ಸೆಬಾಸ್ಟಿಯನ್ ಬೆಂಗಳೂರಿನ ಒಂದು ಬಡಾವಣೆಯಷ್ಟು ಜನ ಇರುವ ಊರು. ಆದರೂ ಊರಲ್ಲಿ ಎರಡು, ಪಕ್ಕದಲ್ಲಿ ಒಂದು.

ಅರ್ಸಾಕ್ ಇವರೆಲ್ಲರ ಹಿರಿಯಣ್ಣ. 1897ರಲ್ಲಿ ಕಟ್ಟಿದ ಮನೆ, ಅಜ್ಜ ಅಜ್ಜಿಯ ಕಾಲದಿಂದ ಒಂದೇ ಕುಟುಂಬದ ಕೈಯಲ್ಲಿದೆ. ಹ್ವಾನ್ ಮಾರಿ ಅರ್ಸಾಕ್ 1942ರಲ್ಲಿ ಹುಟ್ಟಿದವರು. 1970ರ ದಶಕದಲ್ಲಿ ಅವರು, ಪೆದ್ರೊ ಸುಬಿಹಾನಾ, ಮತ್ತೆ ಕೆಲವು ಗೆಳೆಯರು ಸೇರಿ ಹೊಸ ಬಾಸ್ಕ್ ಅಡುಗೆ ಅನ್ನೋ ಚಳವಳಿ ಶುರು ಮಾಡಿದರು. ಫ್ರಾನ್ಸ್‌ಗೆ ಹೋಗಿ ಪಾಲ್ ಬೊಕ್ಯೂಸ್ ಹತ್ತಿರ ನೋಡಿ ಬಂದು, ನಮ್ಮ ಅಜ್ಜಿಯರ ಅಡುಗೆಯನ್ನೇ ಹೊಸದಾಗಿ ಮಾಡೋಣ ಅಂತ ಹೊರಟವರು. ಬೆರಸಾತೆಗಿ ಆಗಿನ್ನೂ ಹುಡುಗ. ಆ ಹಿರಿಯರು ಹಾಕಿದ ದಾರಿಯಲ್ಲಿ ನಡೆದು ಬಂದವರು. ಅರ್ಸಾಕ್‌ಗೆ 1989ರಿಂದ ಮೂರು ಸ್ಟಾರ್. ಈಗ ಮಗಳು ಎಲೆನಾ ನಡೆಸುತ್ತಾರೆ. ಅಡುಗೆಮನೆಯ ಮೇಲೆ ಸಾವಿರಕ್ಕೂ ಜಾಸ್ತಿ ಪದಾರ್ಥಗಳನ್ನು ಡಬ್ಬಿಗಳಲ್ಲಿ ಜೋಡಿಸಿಟ್ಟ ಪ್ರಯೋಗಶಾಲೆಯೇ ಇದೆ. ಸ್ವಲ್ಪ ತುಂಟತನ, ಸ್ವಲ್ಪ ಕುಟುಂಬದ ಆತ್ಮೀಯತೆ ಬೇಕು ಅಂದರೆ ಅರ್ಸಾಕ್. ಅಚ್ಚುಕಟ್ಟು, ನುಣುಪು ಬೇಕು ಅಂದರೆ ಬೆರಸಾತೆಗಿ.

ಅಕೆಲಾರ್ರೆ ಇಗೆಲ್ದೊ ಗುಡ್ಡದ ಮೇಲೆ. ಸುಬಿಹಾನಾ ಅವರದು. ಕಿಟಕಿಯಾಚೆ ಪೂರ್ತಿ ಸಮುದ್ರ. ಈಗ ಅಲ್ಲೇ ಹೋಟೆಲೂ ಇದೆ. ಮದುವೆ ವಾರ್ಷಿಕೋತ್ಸವಕ್ಕೆ ಹೋಗುವವರು ಕೇಳಿದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ನೋಟದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ.

ಮುಗಾರಿಟ್ಸ್ ಬೇರೆಯೇ ಜಾತಿ. ಎರೆಂತೆರಿಯಾ ಬಳಿ 1998ರಲ್ಲಿ ಆಂದೋನಿ ಲುಯಿಸ್ ಅದುರಿಸ್ ತೆರೆದದ್ದು. ಅವರೂ ಬೆರಸಾತೆಗಿ ಹತ್ತಿರ ಕೆಲಸ ಮಾಡಿದವರೇ. ಆಲೂಗಡ್ಡೆಗೆ ಬಿಳಿ ಜೇಡಿ ಬಳಿದು ಕಲ್ಲಿನ ಹಾಗೆ ಕಾಣಿಸಿ ಕೊಟ್ಟ ಮಹಾನುಭಾವರು. ವರ್ಷದಲ್ಲಿ ಕೆಲವು ತಿಂಗಳು ಬಾಗಿಲು ಹಾಕಿ ಹೊಸದನ್ನು ಹುಡುಕುತ್ತಾ ಕೂರುತ್ತಾರೆ. ಅಲ್ಲಿ ರುಚಿಗಿಂತ ಯೋಚನೆ ಮುಂದೆ. ಮೊದಲ ಸಲ ಇಂಥ ಊಟಕ್ಕೆ ಹೋಗುವವರಿಗೆ ಬೇಡ. ಒಬ್ಬರು ಅಳುವಷ್ಟು ಖುಷಿಪಡುತ್ತಾರೆ, ಪಕ್ಕದವರು ಹಸಿದುಕೊಂಡು ಎದ್ದು ಬರುತ್ತಾರೆ.

ಒಲೆ, ಕೆಂಡ, ಹೊಗೆ, ಇಷ್ಟೇ ಸಾಕು ಅನ್ನುವವರಿಗೆ ಎಚೆಬರ್ರಿ ಅಂತ ಅಶ್ಪೆ ಹಳ್ಳಿಯಲ್ಲಿದೆ. ಸ್ಟಾರ್ ಒಂದೇ. ಆದರೆ ಅಲ್ಲಿ ಟೇಬಲ್ ಸಿಕ್ಕಿದರೆ ನಾನು ಮೇಲೆ ಬರೆದದ್ದೆಲ್ಲ ಬಿಟ್ಟು ಅಲ್ಲಿಗೆ ಓಡುತ್ತೇನೆ. ಸಿಗಲ್ಲ, ಆ ಮಾತು ಬೇರೆ.

ಮೀನು ತಿನ್ನದವರ ಕಥೆ

ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಾಸ್ಕ್ ಅಡುಗೆಯ ಬೆನ್ನೆಲುಬು ಸಮುದ್ರ. ಸಾರಿಗೆ ಮೀನಿನ ಮೂಳೆ, ಹುರುಳಿಕಾಯಿ ಪಲ್ಯಕ್ಕೂ ಹಂದಿಯ ತುಣುಕು. ತೊಲೋಸಾದ ಕರಿ ಕಾಳು ನೋಡಿದರೆ ನಮ್ಮ ಹುರುಳಿ ಕಟ್ಟಿನ ಹಾಗೇ ಆಸೆ ಆಗುತ್ತದೆ, ಜೊತೆಗೆ ಮಾಂಸದ ಸಾಸೇಜ್ ಇಟ್ಟೇ ಕೊಡುತ್ತಾರೆ. ಸಸ್ಯಾಹಾರಿ ಅಂದರೆ ಮೀನು ನಡೆಯುತ್ತದಲ್ಲ ಅಂತ ಕೇಳುವ ಜನ ಇನ್ನೂ ಇದ್ದಾರೆ. ಇದಿಯಸಾಬಾಲ್ ಅನ್ನೋ ಕುರಿ ಹಾಲಿನ ಚೀಸ್ ಕೂಡ ಪ್ರಾಣಿಯ ಜಠರದ ಕಿಣ್ವ ಹಾಕಿ ಹೆಪ್ಪು ಕಟ್ಟಿಸಿದ್ದು. ಅಷ್ಟು ಕಟ್ಟುನಿಟ್ಟಿನವರು ಅದನ್ನೂ ಬಿಡಬೇಕು.

ದೊಡ್ಡ ಮನೆಗಳು ಮೊದಲೇ ಹೇಳಿದರೆ ಏನಾದರೂ ಮಾಡಿಕೊಡುತ್ತವೆ. ಇಮೇಲ್‌ನಲ್ಲಿ ಸುಮ್ನೆ ವೆಜಿಟೇರಿಯನ್ ಅಂತ ಬರೆದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಚಿಪ್ಪುಮೀನು ಬೇಡ, ಅವುಗಳ ಸಾರೂ ಬೇಡ, ಮೊಟ್ಟೆ ಬೇಕೋ ಬೇಡವೋ, ಇಷ್ಟನ್ನೂ ಬಿಡಿಸಿ ಬರೆಯಿರಿ. ಆದರೂ ಕೇಳುತ್ತೇನೆ: ಹಾವುಮೀನಿಲ್ಲದ, ಚಿಪ್ಪುಮೀನಿಲ್ಲದ ಬೆರಸಾತೆಗಿ ಊಟಕ್ಕೆ 300 ಯೂರೋ ಯಾಕೆ? ಮೆನುವಿನ ಆ ವರ್ಷಗಳೆಲ್ಲ ನಿಮ್ಮ ತಟ್ಟೆಗೆ ಬರೋದೇ ಇಲ್ಲ.

ಅದರ ಬದಲು ಹಳೆಪೇಟೆಯ ಬಾರುಗಳಲ್ಲಿ ಸುತ್ತಿ. ಕಟ್ಟೆಯ ಮೇಲೆ ಪಿಂಚೊ ಅನ್ನೋ ಸಣ್ಣ ಸಣ್ಣ ತಿನಿಸು ಜೋಡಿಸಿರುತ್ತಾರೆ. ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿದ ಗೆರ್ನಿಕಾ ಮೆಣಸಿನಕಾಯಿ, ಆಲೂಗಡ್ಡೆ ಮೊಟ್ಟೆಯ ದಪ್ಪ ತೋರ್ತಿಯಾ, ಕಾಡಿನ ಅಣಬೆ. ಒಂದು ಕಡೆ ಒಂದೇ ತಿನ್ನಿ, ಮುಂದಿನ ಬಾರಿಗೆ ನಡೆಯಿರಿ. ಊರವರು ಮಾಡೋದೂ ಹಾಗೇ. ನಾನು ಮೊದಲ ದಿನ ಒಂದೇ ಕಡೆ ಕೂತು ಎಂಟು ಪಿಂಚೊ ತಿಂದೆ. ಕಟ್ಟೆಯ ಹಿಂದಿದ್ದ ಅಜ್ಜ ಪಾಪ ಅಂತ ನೋಡಿದರು. ಕೊನೆಗೆ ಆಗಸ್ಟ್ 31 ಅನ್ನೋ ಹೆಸರಿನ ಬೀದಿಗೆ ಹೋಗಿ. ಲಾ ವಿಂಯಾ ಅಂತ ಒಂದು ಬಾರ್ ಇದೆ. ಮೇಲೆ ಕರ್ರಗೆ ಸುಟ್ಟ, ಒಳಗೆ ಗಿಣ್ಣಿನಂತೆ ಅಲುಗುವ ಆ ಚೀಸ್‌ಕೇಕ್ ಅಲ್ಲಿಂದಲೇ ಬೆಂಗಳೂರಿನ ತನಕ ಬಂದದ್ದು. ಬೊದೆಗೋನ್ ಅಲೆಹಾಂದ್ರೊದಿಂದ ನಡೆದರೆ ಕೆಲವೇ ನಿಮಿಷ.

ಇದನ್ನೆಲ್ಲ ತಂಗಿಗೆ ಹೇಳಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ದನಿ ಇಳಿಸಿ ಕೇಳಿದಳು, "ಅಕ್ಕಾ, ಅಲ್ಲಿ ಒಬ್ಬರಿಗೇ ಟೇಬಲ್ ಕೊಡ್ತಾರಾ?"

ಕೇಳಿ ನೋಡು ಅಂದೆ. ನಿನ್ನೆ ಮೆಸೇಜ್ ಬಂತು. ಗುರುವಾರ ಮಧ್ಯಾಹ್ನ, ಲಸಾರ್ತೆ-ಓರಿಯಾ, ಒಬ್ಬರಿಗೆ. ಆ ನಾಲ್ಕು ಗಂಟೆ ಗಂಡನಿಗೆ ಹಳೆಪೇಟೆ, ಮೆಣಸಿನಕಾಯಿ, ಎರಡು ತುಂಡು ಚೀಸ್‌ಕೇಕ್. ಅವನೇ ಹೆಚ್ಚು ಖುಷಿಯಲ್ಲಿದ್ದಾನಂತೆ.